ದರ್ಶಿನಿಗೆ ಎಷ್ಟು ಜನ ಬೇಕು? ಲೀನಿಯರ್ ಪ್ರೋಗ್ರಾಮಿಂಗ್‌ನಿಂದ ಶಿಫ್ಟ್ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಬೆಳಗ್ಗೆ ಎಂಟಕ್ಕೆ ದರ್ಶಿನಿಯ ಕೌಂಟರ್ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಮಧ್ಯಾಹ್ನ ಮೂರಕ್ಕೆ ಅದೇ ಕೌಂಟರ್ ಖಾಲಿ. ಸಂಬಳ ಮಾತ್ರ ಎರಡೂ ಹೊತ್ತಿಗೆ ಒಂದೇ. ಯಾವ ಹೊತ್ತಿಗೆ ಎಷ್ಟು ಜನ ಇರಬೇಕು, ಅವರನ್ನು ಯಾವ ಶಿಫ್ಟ್‌ಗೆ ಹಾಕಬೇಕು ಅನ್ನುವುದನ್ನು ಹೆಚ್ಚಿನ ಮಾಲೀಕರು ಅನುಭವದ ಮೇಲೆ ಅಂದಾಜು ಮಾಡುತ್ತಾರೆ. ಅಂದಾಜು ಅನೇಕ ಸಲ ಸರಿಯಾಗಿಯೇ ಇರುತ್ತದೆ. ಆದರೆ ತಪ್ಪಾದಾಗ ಅದರ ಹೊರೆ ಕೆಲಸಗಾರರ ಮೈಮೇಲೆ ಬೀಳುತ್ತದೆ. ಬೆಳಗ್ಗೆ ಆರಕ್ಕೆ ಬಂದವರು ರಾತ್ರಿ ಹತ್ತಕ್ಕೆ ಮನೆಗೆ ಹೋಗುತ್ತಾರೆ.

ಈ ಲೆಕ್ಕವನ್ನು ಸರಿಯಾಗಿ ಮಾಡಲು ಒಂದು ವಿಧಾನ ಇದೆ: ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಇರುವ ಮಿತಿಗಳೊಳಗೆ ಅತಿ ಹೆಚ್ಚು ಲಾಭದ ಅಥವಾ ಅತಿ ಕಡಿಮೆ ಖರ್ಚಿನ ಉತ್ತರ ಹುಡುಕುವ ಗಣಿತ. ದ್ವಿತೀಯ ಪಿಯುಸಿ ಗಣಿತದಲ್ಲಿ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆದು, ಮೂಲೆಗಳನ್ನು ಹುಡುಕಿದ್ದು ನೆನಪಿದೆ ಅಲ್ವಾ? ಅದೇ ಇದು. ಅಲ್ಲಿ ಪರೀಕ್ಷೆಗಾಗಿ ಮಾಡಿದ್ದನ್ನು ಇಲ್ಲಿ ಒಂದು ಎಕ್ಸೆಲ್ ಹಾಳೆಯಲ್ಲಿ ನಿಜವಾದ ವ್ಯಾಪಾರಕ್ಕೆ ಬಳಸೋಣ. ಈ ಬರಹದಲ್ಲಿರುವ ಅಂಗಡಿಯ ಲೆಕ್ಕಗಳು ಉದಾಹರಣೆಗೆ ಅಂತ ನಾನು ಕಟ್ಟಿಕೊಂಡವು. ಆ ಜಾಗದಲ್ಲಿ ನಿಮ್ಮ ಸಂಖ್ಯೆಗಳನ್ನು ಹಾಕಿಕೊಳ್ಳಿ.

ಇದು ಎಲ್ಲಿಂದ ಬಂತು

1938ರಲ್ಲಿ ಸೋವಿಯತ್ ಒಕ್ಕೂಟದ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ ಮುಂದೆ ಪ್ಲೈವುಡ್ ಕಾರ್ಖಾನೆಯವರು ಒಂದು ಪ್ರಶ್ನೆ ಇಟ್ಟರು. ಯಾವ ಯಂತ್ರದಲ್ಲಿ ಯಾವ ಮರ ಕೊಯ್ದರೆ ಉತ್ಪಾದನೆ ಹೆಚ್ಚಾಗುತ್ತದೆ? ಈ ವಿಷಯ ಹುಟ್ಟಿದ್ದು ಹೀಗೆ, ಒಂದು ಕಾರ್ಖಾನೆಯ ಕಷ್ಟದಿಂದ. 1947ರಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದ ಜಾರ್ಜ್ ಡಾಂಟ್ಜಿಗ್ ಸಿಂಪ್ಲೆಕ್ಸ್ ಎಂಬ ವಿಧಾನ ಕಂಡುಹಿಡಿದರು. ಎಕ್ಸೆಲ್ ಒಳಗೆ ಇವತ್ತಿಗೂ ಅದೇ ಓಡುತ್ತದೆ.

ಆ ವರ್ಷವೇ ಅದನ್ನು ಒಂದು ಊಟದ ಲೆಕ್ಕದ ಮೇಲೆ ಪರೀಕ್ಷಿಸಿದರು. ಒಬ್ಬ ಮನುಷ್ಯನಿಗೆ ಬೇಕಾದ 9 ಬಗೆಯ ಪೋಷಕಾಂಶಗಳನ್ನು 77 ಆಹಾರ ಪದಾರ್ಥಗಳಿಂದ ಅತಿ ಕಡಿಮೆ ಖರ್ಚಿನಲ್ಲಿ ಪಡೆಯುವುದು ಹೇಗೆ ಅನ್ನುವುದು ಪ್ರಶ್ನೆ. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಜಾಣ ಅಂದಾಜಿನಿಂದ ವರ್ಷಕ್ಕೆ 39.93 ಡಾಲರ್ ಅಂದಿದ್ದರು. ಸಿಂಪ್ಲೆಕ್ಸ್ ಕೊಟ್ಟ ಉತ್ತರ 39.69 ಡಾಲರ್. ಅಂದರೆ ಸ್ಟಿಗ್ಲರ್ ತುಂಬಾ ಹತ್ತಿರ ಬಂದಿದ್ದರು, ಆದರೆ ಇನ್ನೆಷ್ಟು ಉಳಿಸಬಹುದು ಅಂತ ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಕೈಯಿಂದ ನಡೆಸುವ ಕ್ಯಾಲ್ಕುಲೇಟರ್‌ಗಳಲ್ಲಿ ಅದನ್ನು ಬಿಡಿಸಲು ಸುಮಾರು 120 ಆಳು-ದಿನ ಹಿಡಿಯಿತು. ಇವತ್ತು ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ.

ಮೊದಲು ಸಣ್ಣ ಲೆಕ್ಕ: ಚಕ್ಕುಲಿ ಎಷ್ಟು, ಕೋಡುಬಳೆ ಎಷ್ಟು?

ಶಿಫ್ಟ್‌ಗೆ ಹೋಗುವ ಮುಂಚೆ ಎರಡೇ ವಸ್ತುಗಳ ಒಂದು ಲೆಕ್ಕ ಮಾಡೋಣ. ವಿಧಾನದ ಒಳಗುಟ್ಟು ಇಲ್ಲೇ ತಿಳಿಯುತ್ತದೆ.

ಒಂದು ಕಾಂಡಿಮೆಂಟ್ಸ್ ಅಂಗಡಿ. ಐದು ಜನ ಎಂಟು ಗಂಟೆ ಕೆಲಸ ಮಾಡುತ್ತಾರೆ, ಅಂದರೆ ದಿನಕ್ಕೆ 2400 ನಿಮಿಷದ ಕೈಕೆಲಸ. ಬಾಣಲೆ ಒಂದೇ, ಅದು 480 ನಿಮಿಷ ಉರಿಯುತ್ತದೆ. ಒಂದು ಕಿಲೋ ಚಕ್ಕುಲಿಗೆ 24 ನಿಮಿಷ ಕೈಕೆಲಸ, 8 ನಿಮಿಷ ಬಾಣಲೆ. ಕೋಡುಬಳೆ ಒಂದೊಂದನ್ನೂ ಕೈಯಲ್ಲಿ ಹೊಸೆಯಬೇಕು, ಹಾಗಾಗಿ ಕಿಲೋಗೆ 42 ನಿಮಿಷ ಕೈಕೆಲಸ, 6 ನಿಮಿಷ ಬಾಣಲೆ. ಹಿಟ್ಟು, ಎಣ್ಣೆ, ಗ್ಯಾಸ್, ಪ್ಯಾಕಿಂಗ್ ಖರ್ಚು ಕಳೆದು ಚಕ್ಕುಲಿಗೆ ₹90, ಕೋಡುಬಳೆಗೆ ₹110 ಉಳಿಯುತ್ತದೆ. ಕೂಲಿಯನ್ನು ಇಲ್ಲಿ ಕಳೆದಿಲ್ಲ, ಯಾಕೆಂದರೆ ಏನು ಮಾಡಿದರೂ ಆ ದಿನದ ಕೂಲಿ ಕೊಡಲೇಬೇಕು.

ಲೀನಿಯರ್ ಪ್ರೋಗ್ರಾಮಿಂಗ್‌ನ ಯಾವ ಲೆಕ್ಕಕ್ಕೂ ಮೂರು ಭಾಗ ಇರುತ್ತವೆ.

ಒಂದು, ನೀವು ನಿರ್ಧರಿಸಬೇಕಾದ ಸಂಖ್ಯೆಗಳು. ಇಲ್ಲಿ ಚ ಅಂದರೆ ಚಕ್ಕುಲಿಯ ಕಿಲೋ, ಕ ಅಂದರೆ ಕೋಡುಬಳೆಯ ಕಿಲೋ.
ಎರಡು, ಗುರಿ. 90ಚ + 110ಕ ಆದಷ್ಟು ಹೆಚ್ಚಾಗಬೇಕು.
ಮೂರು, ಮಿತಿಗಳು. 24ಚ + 42ಕ ≤ 2400 (ಕೈಕೆಲಸ), 8ಚ + 6ಕ ≤ 480 (ಬಾಣಲೆ). ಎರಡೂ ಸೊನ್ನೆಗಿಂತ ಕಡಿಮೆ ಇರಬಾರದು.

ಮೇಲ್ನೋಟಕ್ಕೆ ಕೋಡುಬಳೆಯಲ್ಲೇ ಲಾಭ ಜಾಸ್ತಿ. ಹಾಗಂತ ಅದನ್ನೇ ಮಾಡಿದರೆ 57 ಕಿಲೋ ಚಿಲ್ಲರೆ ಆಗುವಷ್ಟರಲ್ಲಿ ಕೈಗಳು ಖಾಲಿ, ಸಿಗುವುದು ಸುಮಾರು ₹6,285. ಬರೀ ಚಕ್ಕುಲಿ ಮಾಡಿದರೆ 60 ಕಿಲೋಗೆ ಬಾಣಲೆಯ ಸಮಯ ಮುಗಿಯುತ್ತದೆ, ₹5,400. ಎರಡು ಮಿತಿಗಳನ್ನೂ ಗ್ರಾಫ್ ಮೇಲೆ ಗೆರೆಯಾಗಿ ಎಳೆದರೆ, ಅವು ಕೂಡುವ ಮೂಲೆಯಲ್ಲಿ ಚಕ್ಕುಲಿ 30 ಕಿಲೋ, ಕೋಡುಬಳೆ 40 ಕಿಲೋ. ಅಲ್ಲಿ ₹7,100. ಇದಕ್ಕಿಂತ ಹೆಚ್ಚು ಸಾಧ್ಯವೇ ಇಲ್ಲ. ಗುರಿಯೂ ಮಿತಿಗಳೂ ನೇರ ಗೆರೆಗಳಾಗಿದ್ದಾಗ, ಅತ್ಯುತ್ತಮ ಉತ್ತರ ಒಂದಿದ್ದರೆ ಅದು ಯಾವುದಾದರೂ ಒಂದು ಮೂಲೆಯಲ್ಲಿ ಸಿಕ್ಕೇ ಸಿಗುತ್ತದೆ. ಸಿಂಪ್ಲೆಕ್ಸ್ ಮಾಡುವುದು ಇಷ್ಟೇ: ಒಂದು ಮೂಲೆಯಿಂದ ಅದಕ್ಕಿಂತ ಒಳ್ಳೆಯ ಪಕ್ಕದ ಮೂಲೆಗೆ ಹೋಗುತ್ತಾ, ಮುಂದೆ ದಾರಿ ಇಲ್ಲ ಅಂದಾಗ ನಿಲ್ಲುವುದು.

ನನ್ನ ಪ್ರಕಾರ ಆ ₹7,100ಗಿಂತ ಬೆಲೆಬಾಳುವ ಉತ್ತರ ಇನ್ನೊಂದಿದೆ. ಬಾಣಲೆ ಒಂದು ಗಂಟೆ ಹೆಚ್ಚು ಉರಿದರೆ ಏನಾಗುತ್ತದೆ? 480ರ ಜಾಗದಲ್ಲಿ 540 ಹಾಕಿ ಮತ್ತೆ ಬಿಡಿಸಿ. ₹7,456.25 ಬರುತ್ತದೆ, ಅಂದರೆ ಆ ಗಂಟೆಯ ಬೆಲೆ ₹356.25. ಕೈಕೆಲಸದ ಒಂದು ಗಂಟೆಯ ಬೆಲೆ ಬರೀ ₹106.25. ಇದನ್ನು ಶ್ಯಾಡೋ ಪ್ರೈಸ್ ಅನ್ನುತ್ತಾರೆ. ಇಂಥ ಅಂಗಡಿಯಲ್ಲಿ ಇನ್ನೊಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದಕ್ಕಿಂತ ಎರಡನೇ ಒಲೆ ಹಚ್ಚುವುದರ ಬಗ್ಗೆ ಮೊದಲು ಯೋಚಿಸಬೇಕು. ಕಣ್ಣಂದಾಜಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ. ಆದರೆ ಈ ಬೆಲೆ ಒಂದು ಮಿತಿಯವರೆಗೆ ಮಾತ್ರ ನಿಜ. ನಮ್ಮ ಲೆಕ್ಕದಲ್ಲಿ ಬಾಣಲೆಯ ಸಮಯ 800 ನಿಮಿಷ ಮುಟ್ಟಿದ ಮೇಲೆ ಕೈಗಳೇ ಸಾಲುವುದಿಲ್ಲ, ಆಮೇಲೆ ಬಾಣಲೆಗೆ ಬೆಲೆ ಇಲ್ಲ.

ಈಗ ಶಿಫ್ಟ್: ಬೇಡಿಕೆಯನ್ನು ಬರೆಯುವುದು

ನಮ್ಮ ದರ್ಶಿನಿ ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ದಿನವನ್ನು ನಾಲ್ಕು ಗಂಟೆಯ ನಾಲ್ಕು ಭಾಗ ಮಾಡೋಣ. ಬೇಕಾದ ಜನ ಹೀಗೆ:

ಬೆಳಗ್ಗೆ 6–10: 9 ಜನ
10–2: 7 ಜನ
ಮಧ್ಯಾಹ್ನ 2–6: 4 ಜನ
ಸಂಜೆ 6–10: 10 ಜನ

ಈ ಸಂಖ್ಯೆಗಳನ್ನು ತಲೆಯಿಂದ ತೆಗೆಯಬೇಡಿ. ಬಿಲ್ಲಿಂಗ್ ಯಂತ್ರದಲ್ಲಿ ಪ್ರತಿ ಬಿಲ್ಲಿಗೂ ಸಮಯ ಇರುತ್ತದೆ. ಕೆಲವು ವಾರಗಳ ಬಿಲ್ಲುಗಳನ್ನು ಗಂಟೆಗಂಟೆಗೆ ಎಣಿಸಿ, ಒಬ್ಬರು ಗಂಟೆಗೆ ಎಷ್ಟು ಬಿಲ್ ನಿಭಾಯಿಸುತ್ತಾರೆ ಅಂತ ನೋಡಿ ಭಾಗಿಸಿ. ವಾರದ ದಿನಗಳನ್ನೂ ಶನಿವಾರ-ಭಾನುವಾರವನ್ನೂ ಬೇರೆ ಬೇರೆ ಇಡಿ. ಮುಖ್ಯವಾಗಿ, ಸರಾಸರಿ ತೆಗೆದುಕೊಳ್ಳಬೇಡಿ. ಸರಾಸರಿಗೆ ಜನ ಇಟ್ಟರೆ ಹೆಚ್ಚುಕಡಿಮೆ ಅರ್ಧ ದಿನಗಳಲ್ಲಿ ಜನ ಸಾಲುವುದಿಲ್ಲ. ಹತ್ತರಲ್ಲಿ ಎಂಟು-ಒಂಬತ್ತು ದಿನಗಳಿಗೆ ಸಾಕಾಗುವಷ್ಟು ಸಂಖ್ಯೆ ಹಿಡಿಯಿರಿ. ಊಟದ ಬಿಡುವಿಗೆ ಹೋದವರ ಜಾಗವನ್ನೂ ಈ ಸಂಖ್ಯೆಯಲ್ಲೇ ಸೇರಿಸಿ. ಮೇಲಿನ ಪಟ್ಟಿಯಲ್ಲಿ ಅದು ಸೇರಿದೆ ಅಂದುಕೊಳ್ಳೋಣ.

ಯಾವ ಶಿಫ್ಟ್‌ಗಳು ಸಾಧ್ಯ?

ಪೂರ್ತಿ ಶಿಫ್ಟ್ ಎಂಟು ಗಂಟೆ, ಅಂದರೆ ಎರಡು ಭಾಗ. ದಿನಕ್ಕೆ ₹700 ಅಂತಿಟ್ಟುಕೊಳ್ಳೋಣ. ಬೆಳಗ್ಗೆ ಶಿಫ್ಟ್ 6ರಿಂದ 2, ನಡು ಶಿಫ್ಟ್ 10ರಿಂದ 6, ಸಂಜೆ ಶಿಫ್ಟ್ 2ರಿಂದ 10. ಇವು ಮೂರೇ ಇದ್ದರೆ ಲೆಕ್ಕ ಸುಲಭ. ಬೆಳಗಿನ 9 ಜನಕ್ಕೆ ಬೆಳಗ್ಗೆ ಶಿಫ್ಟ್, ರಾತ್ರಿಯ 10 ಜನಕ್ಕೆ ಸಂಜೆ ಶಿಫ್ಟ್. ಒಟ್ಟು 19 ಜನ, ₹13,300. ಮಧ್ಯಾಹ್ನ ನಾಲ್ವರು ಬೇಕಾದ ಕಡೆ ಹತ್ತು ಜನ ನಿಂತಿರುತ್ತಾರೆ.

ಇದನ್ನು ತಪ್ಪಿಸಲು ಹೋಟೆಲಿನವರು ಬ್ರೇಕ್ ಶಿಫ್ಟ್ ಮಾಡುತ್ತಾರೆ. ಬೆಳಗ್ಗೆ ನಾಲ್ಕು ಗಂಟೆ ಕೆಲಸ, ನಡುವೆ ಬಿಡುವು, ಮತ್ತೆ ಸಂಜೆ ನಾಲ್ಕು ಗಂಟೆ ಕೆಲಸ. ಎರಡು ಬಗೆ ಮಾಡಬಹುದು: 6–10 ಜೊತೆ ಸಂಜೆ 6–10, ಅಥವಾ 10–2 ಜೊತೆ ಸಂಜೆ 6–10. ಎರಡನ್ನೂ ಲೆಕ್ಕಕ್ಕೆ ಸೇರಿಸಿದರೆ ಉತ್ತರ ಚಕಿತಗೊಳಿಸುತ್ತದೆ. ಬೆಳಗ್ಗೆ ಶಿಫ್ಟ್ 5, ಸಂಜೆ ಶಿಫ್ಟ್ 4, ಮೊದಲ ಬಗೆಯ ಬ್ರೇಕ್ 4, ಎರಡನೇ ಬಗೆಯ ಬ್ರೇಕ್ 2. ಒಟ್ಟು 15 ಜನ, ₹10,500. ಒಂದು ಗಂಟೆಯೂ ವ್ಯರ್ಥವಿಲ್ಲ.

ಆದರೆ ಈ ಉತ್ತರ ಕಾನೂನಿಗೆ ವಿರುದ್ಧ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಟೆಲುಗಳಿಗೂ ಅನ್ವಯಿಸುತ್ತದೆ. ವಾರಕ್ಕೆ 48 ಗಂಟೆಯ ಮಿತಿ, ವಾರಕ್ಕೊಂದು ರಜೆ ಅಷ್ಟೇ ಅಲ್ಲ, ಕೆಲಸದ ಮೊದಲ ನಿಮಿಷದಿಂದ ಕೊನೆಯ ನಿಮಿಷದವರೆಗೆ ಬಿಡುವೂ ಸೇರಿ 12 ಗಂಟೆ ಮೀರಬಾರದು ಅಂತಲೂ ಅದರಲ್ಲಿದೆ. ಬೆಳಗ್ಗೆ 6ರಿಂದ ರಾತ್ರಿ 10 ಅಂದರೆ 16 ಗಂಟೆ. ದುಡಿದದ್ದು ಎಂಟೇ ಗಂಟೆ ಆದರೂ ಆ ಮನುಷ್ಯನ ಇಡೀ ದಿನ ಹೋಟೆಲಿಗೇ ಹೋಯಿತು. ಲೆಕ್ಕಕ್ಕೆ ಕಾನೂನು ಗೊತ್ತಿಲ್ಲ, ನಿದ್ದೆಯೂ ಗೊತ್ತಿಲ್ಲ. ನೀವು ಬರೆದ ಮಿತಿಗಳಷ್ಟೇ ಅದಕ್ಕೆ ಗೊತ್ತು. ಹಾಗಾಗಿ ಮಿತಿಗಳನ್ನು ಬರೆಯುವುದೇ ಈ ಕೆಲಸದ ಅತಿ ಜವಾಬ್ದಾರಿಯ ಭಾಗ. ಕೆಲಸಕ್ಕೆ ಇಳಿಯುವ ಮುನ್ನ ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನೂ ಕನಿಷ್ಠ ಕೂಲಿಯನ್ನೂ ನೋಡಿಕೊಳ್ಳಿ.

ಮೊದಲ ಬಗೆಯ ಬ್ರೇಕ್ ಶಿಫ್ಟ್ ತೆಗೆದುಹಾಕೋಣ. ಎರಡನೆಯದು 10ರಿಂದ 10, ಸರಿಯಾಗಿ 12 ಗಂಟೆ, ಅದು ಇರಲಿ. ಬದಲಿಗೆ ನಾಲ್ಕು ಗಂಟೆಯ ಪಾರ್ಟ್ ಟೈಮ್ ಕೆಲಸ ಸೇರಿಸೋಣ, ಒಂದು ಭಾಗಕ್ಕೆ ₹400. ಗಂಟೆಯ ಲೆಕ್ಕದಲ್ಲಿ ಇದು ದುಬಾರಿ, ಅದು ಹಾಗೇ ಇರಬೇಕು. ನಾಲ್ಕು ಗಂಟೆಗಾಗಿ ಬಸ್ ಹತ್ತಿ ಬರುವವರಿಗೆ ಅಷ್ಟಾದರೂ ಸಿಗಬೇಕಲ್ಲ.

ಹಾಳೆಯಲ್ಲಿ ಹಾಕುವ ರೀತಿ

ಎಕ್ಸೆಲ್‌ನಲ್ಲಿ ಎಂಟು ಕಾಲಂ ಮಾಡಿ: ಬೆಳಗ್ಗೆ, ನಡು, ಸಂಜೆ, ಬ್ರೇಕ್, ಆಮೇಲೆ ನಾಲ್ಕು ಭಾಗಕ್ಕೆ ನಾಲ್ಕು ಪಾರ್ಟ್ ಟೈಮ್. ಮೊದಲ ಸಾಲಿನಲ್ಲಿ ಹೆಸರು. ಎರಡನೇ ಸಾಲಿನಲ್ಲಿ ಜನರ ಸಂಖ್ಯೆ, ಸದ್ಯಕ್ಕೆ ಎಲ್ಲಾ ಸೊನ್ನೆ. ಮೂರನೇ ಸಾಲಿನಲ್ಲಿ ಖರ್ಚು: 700 ನಾಲ್ಕು ಸಲ, 400 ನಾಲ್ಕು ಸಲ. ಮುಂದಿನ ನಾಲ್ಕು ಸಾಲು ದಿನದ ನಾಲ್ಕು ಭಾಗಗಳಿಗೆ. ಆ ಶಿಫ್ಟ್‌ನವರು ಆ ಹೊತ್ತಿನಲ್ಲಿ ಇದ್ದರೆ 1, ಇಲ್ಲದಿದ್ದರೆ 0. ಬ್ರೇಕ್ ಕಾಲಂನಲ್ಲಿ ಮೇಲಿಂದ ಕೆಳಕ್ಕೆ 0, 1, 0, 1 ಬರುತ್ತದೆ.

ಪ್ರತಿ ಭಾಗದ ಸಾಲಿನ ಕೊನೆಯಲ್ಲಿ ಸಮ್‌ಪ್ರಾಡಕ್ಟ್ ಸೂತ್ರ ಹಾಕಿ, ಆ ಸಾಲನ್ನು ಜನರ ಸಂಖ್ಯೆಯ ಸಾಲಿನೊಂದಿಗೆ ಗುಣಿಸಿ ಕೂಡಿಸಿ. ಆ ಹೊತ್ತಿನಲ್ಲಿ ಇರುವ ಜನ ಎಷ್ಟು ಅಂತ ಅದು ಹೇಳುತ್ತದೆ. ಪಕ್ಕದ ಕೋಶದಲ್ಲಿ ಬೇಕಾದ ಸಂಖ್ಯೆ: 9, 7, 4, 10. ಖರ್ಚಿನ ಸಾಲಿನ ಕೊನೆಗೂ ಸಮ್‌ಪ್ರಾಡಕ್ಟ್ ಹಾಕಿದರೆ ಒಟ್ಟು ಖರ್ಚು ಬರುತ್ತದೆ. ಇಫ್, ಮ್ಯಾಕ್ಸ್, ರೌಂಡ್ ಇಂಥ ಸೂತ್ರಗಳನ್ನು ಈ ಕೋಶಗಳಲ್ಲಿ ಎಲ್ಲೂ ಬಳಸಬೇಡಿ. ಅವು ಬಂದ ಕೂಡಲೇ ಲೆಕ್ಕ ನೇರ ಗೆರೆಯದ್ದಾಗಿ ಉಳಿಯುವುದಿಲ್ಲ.

ಈಗ ಸಾಲ್ವರ್, ಅಂದರೆ ಎಕ್ಸೆಲ್ ಒಳಗೆ ಇಂಥ ಲೆಕ್ಕ ಬಿಡಿಸುವ ಸಲಕರಣೆ. ಫೈಲ್, ಆಪ್ಷನ್ಸ್, ಆಡ್-ಇನ್ಸ್‌ಗೆ ಹೋಗಿ, ಕೆಳಗಿನ ಗೋ ಒತ್ತಿ, ಸಾಲ್ವರ್ ಆಡ್-ಇನ್‌ಗೆ ಟಿಕ್ ಹಾಕಿ. ಡೇಟಾ ಟ್ಯಾಬ್‌ನ ಬಲತುದಿಯಲ್ಲಿ ಸಾಲ್ವರ್ ಕಾಣುತ್ತದೆ. ಅದರಲ್ಲಿ ಗುರಿಯಾಗಿ ಒಟ್ಟು ಖರ್ಚಿನ ಕೋಶ, ಮಿನ್ ಆಯ್ಕೆ. ಬದಲಾಗುವ ಕೋಶಗಳಾಗಿ ಜನರ ಸಂಖ್ಯೆಯ ಸಾಲು. ಮಿತಿಯಾಗಿ ಇರುವ ಜನ ≥ ಬೇಕಾದ ಜನ. ಸಂಖ್ಯೆಗಳು ಸೊನ್ನೆಗಿಂತ ಕಡಿಮೆ ಆಗಬಾರದು ಅನ್ನುವ ಪೆಟ್ಟಿಗೆಗೆ ಟಿಕ್ ಇರಲಿ. ವಿಧಾನ: ಸಿಂಪ್ಲೆಕ್ಸ್ ಎಲ್‌ಪಿ. ಅದು ತಾನಾಗಿ ಆಯ್ಕೆ ಆಗಿರುವುದಿಲ್ಲ, ನೀವೇ ಬದಲಿಸಬೇಕು. ದುಡ್ಡು ಕೊಡದೆ ಮಾಡಬೇಕೆಂದರೆ ಲಿಬ್ರೆಆಫೀಸ್ ಕ್ಯಾಲ್ಕ್‌ನ ಟೂಲ್ಸ್ ಮೆನುವಿನಲ್ಲೂ ಸಾಲ್ವರ್ ಇದೆ. ಎಕ್ಸೆಲ್ ಸಾಲ್ವರ್‌ಗೆ 200 ಬದಲಾಗುವ ಕೋಶಗಳ ಮಿತಿ ಇದೆ. ಲೆಕ್ಕ ಅದಕ್ಕಿಂತ ದೊಡ್ಡದಾದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಲೆಕ್ಕಕ್ಕೆಂದೇ ಇರುವ ಪಲ್ಪ್ ಬಳಸಿ, ಅದೂ ಉಚಿತ.

ಉತ್ತರವನ್ನು ಓದುವುದು

ಸಾಲ್ವ್ ಒತ್ತಿದರೆ ಖರ್ಚು ₹10,900 ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. 16 ಗಂಟೆಯ ಬ್ರೇಕ್ ಶಿಫ್ಟ್‌ನಿಂದ ಬಂದದ್ದು ₹10,500. ಕಾನೂನು ಪಾಲಿಸಿದ್ದಕ್ಕೆ ದಿನಕ್ಕೆ ಹೆಚ್ಚು ಖರ್ಚಾದದ್ದು ₹400. ಇಷ್ಟಕ್ಕಾಗಿ ನಾಲ್ಕು ಜನರ ಹಗಲನ್ನೆಲ್ಲಾ ಕಿತ್ತುಕೊಳ್ಳುವುದು ನನಗೆ ಯಾವ ರೀತಿಯಲ್ಲೂ ಸರಿ ಕಾಣುವುದಿಲ್ಲ. "ನಿಯಮ ಪಾಲಿಸಿದರೆ ವ್ಯಾಪಾರ ಉಳಿಯಲ್ಲ" ಅನ್ನುವ ಮಾತು ಬಂದಾಗ ಈ ಲೆಕ್ಕ ಮಾಡಿ ತೋರಿಸಿ. ಕೆಲವು ಕಡೆ ವ್ಯತ್ಯಾಸ ನಿಜವಾಗಿ ದೊಡ್ಡದಿರಬಹುದು. ಪಾರ್ಟ್ ಟೈಮ್ ಜನ ಸಿಗದ ಊರಿನಲ್ಲಿ ಇದೇ ಹೋಟೆಲಿಗೆ ಅದು ₹2,800 ಆಗುತ್ತದೆ. ಆದರೆ ಎಷ್ಟು ಅಂತ ಗೊತ್ತಿಲ್ಲದೆ ಮಾತಾಡುವ ಬದಲು ಗೊತ್ತಿದ್ದು ಮಾತಾಡಬಹುದು.

ಇನ್ನೊಂದು ಸಂಗತಿ ಇದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ₹10,900ಕ್ಕೆ ಉತ್ತರ ಒಂದೇ ಅಲ್ಲ. ಸಂಜೆ ಶಿಫ್ಟ್‌ಗೆ 4 ಜನ ಖಚಿತ. ಬೆಳಗ್ಗೆ ಶಿಫ್ಟ್ ಮತ್ತು ಬ್ರೇಕ್ ಶಿಫ್ಟ್ ಸೇರಿ 7 ಇದ್ದರೆ ಸಾಕು. ಬ್ರೇಕ್‌ಗೆ 6 ಜನ ಹಾಕಿದರೂ ₹10,900, ಒಬ್ಬರನ್ನೂ ಹಾಕದಿದ್ದರೂ ₹10,900. ಸಾಲ್ವರ್ ಇವುಗಳಲ್ಲಿ ಯಾವುದೋ ಒಂದನ್ನು ತೋರಿಸಿ ಸುಮ್ನೆ ಇರುತ್ತದೆ. ಅದನ್ನೇ ಗೋಡೆಗೆ ಅಂಟಿಸಿದರೆ ಆರು ಜನರ ಮಧ್ಯಾಹ್ನ ಕಾರಣವಿಲ್ಲದೆ ಹಾಳಾಗಬಹುದು.

ಇದಕ್ಕೆ ಪರಿಹಾರ ಎರಡನೇ ಸಲ ಓಡಿಸುವುದು. ಒಟ್ಟು ಖರ್ಚು ≤ 10,900 ಅನ್ನುವುದನ್ನು ಹೊಸ ಮಿತಿಯಾಗಿ ಸೇರಿಸಿ. ಗುರಿಯನ್ನು ಬ್ರೇಕ್ ಶಿಫ್ಟ್‌ನ ಜನರ ಸಂಖ್ಯೆಗೆ ಬದಲಿಸಿ, ಮಿನ್ ಇಡಿ. ಈಗ ಬರುವ ಉತ್ತರ: ಬೆಳಗ್ಗೆ ಶಿಫ್ಟ್ 7, ಸಂಜೆ ಶಿಫ್ಟ್ 4, ಬೆಳಗ್ಗೆ 6–10ಕ್ಕೆ ಪಾರ್ಟ್ ಟೈಮ್ 2, ಸಂಜೆ 6–10ಕ್ಕೆ ಪಾರ್ಟ್ ಟೈಮ್ 6. ಬ್ರೇಕ್ ಶಿಫ್ಟ್ ಸೊನ್ನೆ. ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ.

ಮೊದಲ ಸಲ ಓಡಿಸಿದಾಗ ಸೆನ್ಸಿಟಿವಿಟಿ ರಿಪೋರ್ಟ್ (ಸಂಖ್ಯೆಗಳು ಸ್ವಲ್ಪ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತ ಹೇಳುವ ವರದಿ) ಕೇಳಿದ್ದರೆ ಶ್ಯಾಡೋ ಪ್ರೈಸ್ ಕೂಡ ಸಿಗುತ್ತದೆ. ಬೆಳಗ್ಗೆ ಮತ್ತು ರಾತ್ರಿಯ ಭಾಗಕ್ಕೆ ₹400, ನಡುವಿನ ಎರಡು ಭಾಗಗಳಿಗೆ ₹300. ಮಧ್ಯಾಹ್ನ 2ರಿಂದ 6ಕ್ಕೆ ಒಬ್ಬರು ಹೆಚ್ಚು ಬೇಕಾದರೆ ₹700 ಯಾಕೆ ಆಗುವುದಿಲ್ಲ? ಸಂಜೆ ಶಿಫ್ಟ್‌ಗೆ ಒಬ್ಬರು ಸೇರಿದರೆ ರಾತ್ರಿಯ ಪಾರ್ಟ್ ಟೈಮ್‌ನ ಒಬ್ಬರು ಬೇಡ, 700ರಲ್ಲಿ 400 ಕಳೆದರೆ 300. ತರಕಾರಿ ಹೆಚ್ಚುವುದು, ಹಿಟ್ಟು ರುಬ್ಬುವುದು, ತೊಳೆಯುವ ಕೆಲಸ ಇವನ್ನೆಲ್ಲಾ ಮಧ್ಯಾಹ್ನಕ್ಕೆ ತಳ್ಳುವುದು ಯಾಕೆ ಲಾಭ ಅಂತ ಈ ಒಂದು ಸಂಖ್ಯೆ ಹೇಳುತ್ತದೆ.

ಅರ್ಧ ಮನುಷ್ಯ ಬಂದರೆ?

ಚಕ್ಕುಲಿ 30.4 ಕಿಲೋ ಬಂದರೆ ತೊಂದರೆ ಇಲ್ಲ. ಜನ 3.4 ಬಂದರೆ ತೊಂದರೆ. ನಮ್ಮ ಲೆಕ್ಕದಲ್ಲಿ ಪೂರ್ಣ ಸಂಖ್ಯೆಗಳೇ ಬಂದವು, ಎಲ್ಲಾ ಕಡೆ ಹಾಗೆ ಬರುವುದಿಲ್ಲ. ಆಗ ಪ್ರತಿಯೊಂದನ್ನೂ ಮೇಲಕ್ಕೆ ಏರಿಸಿ ಬರೆದುಕೊಂಡರೆ ಬೇಡದಷ್ಟು ಜನ ಆಗುತ್ತಾರೆ. ಬದಲಿಗೆ ಮಿತಿಗಳ ಪಟ್ಟಿಯಲ್ಲಿ ಜನರ ಸಾಲಿಗೆ ಇಂಟ್ (ಪೂರ್ಣ ಸಂಖ್ಯೆಯೇ ಬರಬೇಕು) ಅನ್ನುವ ಆಯ್ಕೆ ಹಾಕಿ. ಜೊತೆಗೆ ಆಪ್ಷನ್ಸ್ ಒಳಗೆ ಇಂಟಿಜರ್ ಆಪ್ಟಿಮ್ಯಾಲಿಟಿ ಅನ್ನುವುದು 1% ಇರುತ್ತದೆ, ಅದನ್ನು 0 ಮಾಡಿ. ಇಲ್ಲದಿದ್ದರೆ "ಹೆಚ್ಚುಕಡಿಮೆ ಸರಿ" ಅನ್ನುವ ಉತ್ತರಕ್ಕೇ ಸಾಲ್ವರ್ ನಿಂತುಬಿಡಬಹುದು. ಇಂಟ್ ಹಾಕಿದ ಮೇಲೆ ಸೆನ್ಸಿಟಿವಿಟಿ ರಿಪೋರ್ಟ್ ಸಿಗುವುದಿಲ್ಲ. ಅದಕ್ಕೇ ಮೊದಲು ಇಂಟ್ ಇಲ್ಲದೆ ಒಮ್ಮೆ ಓಡಿಸಿ ನೋಡಿ.

ಕೆಲವೊಮ್ಮೆ ಉತ್ತರವೇ ಇಲ್ಲ ಅಂತ ಬರುತ್ತದೆ. ಇರುವ ಜನರಲ್ಲಿ ಎಲ್ಲಾ ಮಿತಿಗಳನ್ನು ಪಾಲಿಸಲು ಆಗುವುದಿಲ್ಲ ಅಂತ ಅದರ ಅರ್ಥ. ಆಗ ಪ್ರತಿ ಭಾಗಕ್ಕೂ "ಕೊರತೆ" ಅಂತ ಒಂದು ಕಾಲಂ ಸೇರಿಸಿ, ಅದಕ್ಕೆ ₹2,000ದಂಥ ದೊಡ್ಡ ಖರ್ಚು ಇಡಿ. ಲೆಕ್ಕ ಓಡುತ್ತದೆ, ಯಾವ ಹೊತ್ತಿನಲ್ಲಿ ಎಷ್ಟು ಜನ ಕಡಿಮೆ ಅಂತಲೂ ತಿಳಿಯುತ್ತದೆ. ಆದರೆ ವಾರದ ರಜೆ, 48 ಗಂಟೆ, 12 ಗಂಟೆಯ ಮಿತಿಗಳಿಗೆ ಇಂಥ ಸಡಿಲಿಕೆ ಕೊಡಬೇಡಿ. ಗ್ರಾಹಕರು ಐದು ನಿಮಿಷ ಕಾಯಬಹುದು.

ವಾರದ ರಜೆ ಸೇರಿಸುವುದು

ಇಲ್ಲಿಯವರೆಗೆ ಲೆಕ್ಕ ಒಂದು ದಿನದ್ದು. ದಿನಕ್ಕೆ 11 ಜನ ಪೂರ್ತಿ ಶಿಫ್ಟ್ ಅಂದರೆ ವಾರಕ್ಕೆ 77 ಹಾಜರಿ. ಒಬ್ಬರು ಆರು ದಿನ ಬಂದರೆ, ದಿನಕ್ಕೆ ಎಂಟು ಗಂಟೆಯಂತೆ ಸರಿಯಾಗಿ 48 ಗಂಟೆ ಆಗುತ್ತದೆ. 77ನ್ನು 6ರಿಂದ ಭಾಗಿಸಿದರೆ 12.83, ಅಂದರೆ ಹಾಜರಿ ಪುಸ್ತಕದಲ್ಲಿ 13 ಹೆಸರು ಇರಬೇಕು. ಆದರೆ ಬೆಳಗ್ಗೆಯ ತಂಡ, ಸಂಜೆಯ ತಂಡ ಅಂತ ಬೇರೆ ಬೇರೆ ಮಾಡಿದರೆ 9 ಮತ್ತು 5, ಒಟ್ಟು 14. ಹದಿಮೂರೇ ಜನರಲ್ಲಿ ನಡೆಸಬೇಕೆಂದರೆ ಕನಿಷ್ಠ ಒಬ್ಬರು ಎರಡೂ ಶಿಫ್ಟ್‌ಗಳಲ್ಲಿ ಓಡಾಡಬೇಕು. ಹಾಗೆ ಓಡಾಡುವವರು ರಾತ್ರಿ 10ಕ್ಕೆ ಹೋಗಿ ಬೆಳಗ್ಗೆ 6ಕ್ಕೆ ಬರುವಂತೆ ಆಗಬಾರದು. ಇದನ್ನು ಲೆಕ್ಕಕ್ಕೆ ಹೇಳುವುದು ಸುಲಭ: ಪ್ರತಿಯೊಬ್ಬರಿಗೂ ಪ್ರತಿ ದಿನಕ್ಕೂ ಶಿಫ್ಟ್‌ಗೊಂದರಂತೆ 0 ಅಥವಾ 1 ಇರುವ ಕೋಶ ಇಡಿ. "ಇವತ್ತಿನ ಸಂಜೆ + ನಾಳೆಯ ಬೆಳಗ್ಗೆ ≤ 1" ಅಂತ ಸಾಲು ಬರೆಯಿರಿ. 13 ಜನ, 7 ದಿನ, 2 ಶಿಫ್ಟ್ ಅಂದರೆ 182 ಕೋಶಗಳು, ಎಕ್ಸೆಲ್‌ನ 200ರ ಒಳಗೇ ಇದೆ. ವಾರದ ಕೊನೆಯ ದಿನ ಮತ್ತು ಮುಂದಿನ ವಾರದ ಮೊದಲ ದಿನದ ನಡುವೆಯೂ ಈ ಸಾಲು ಬರೆಯಲು ಮರೆಯಬೇಡಿ.